ಸಿಸಿಎನ್‌ಎ: ಮೂವತ್ತು ಸಾವಿರ ಕೊಟ್ಟು ಪರೀಕ್ಷೆ ಬರೆದವಳ ಲೆಕ್ಕ

ಆಗ ನನ್ನ ಕೈಗೆ ಬರುತ್ತಿದ್ದ ಸಂಬಳ ತಿಂಗಳಿಗೆ 19 ಸಾವಿರದ ಚಿಲ್ಲರೆ. ಸಿಸಿಎನ್‌ಎ, ಅಂದರೆ ಸಿಸ್ಕೋ ಕಂಪನಿ ಕೊಡುವ ನೆಟ್‌ವರ್ಕಿಂಗ್ ಸರ್ಟಿಫಿಕೇಟಿನ ಪರೀಕ್ಷೆಯ ಶುಲ್ಕ 300 ಡಾಲರ್. ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 354 ಡಾಲರ್. 2024ರ ಜೂನ್‌ನಲ್ಲಿ ನನ್ನ ಖಾತೆಯಿಂದ ಹೋಗಿದ್ದು ಹತ್ತಿರ ಹತ್ತಿರ ಮೂವತ್ತು ಸಾವಿರ ರೂಪಾಯಿ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಅಪ್ಪನಿಗೆ ಫೋನ್ ಮಾಡಿ ಹೇಳಿದೆ.

"ಫೇಲಾದ್ರೆ ದುಡ್ಡು ವಾಪಸ್ ಕೊಡ್ತಾರೇನಮ್ಮಾ?"

"ಇಲ್ಲಪ್ಪ."

"ಅರ್ಧನಾದ್ರೂ?"

"ಇಲ್ಲ. ಐದು ದಿನ ಬಿಟ್ಟು ಮತ್ತೆ ಪೂರ್ತಿ ಕಟ್ಟಿ ಬರೀಬೇಕು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಡಿಯಲ್ಲಿ ನಾವೂ ಹಿಂಗೇ ವ್ಯಾಪಾರ ಮಾಡಂಗಿದ್ರೆ ಚೆನ್ನಾಗಿರೋದು" ಅಂದರು. ಆಮೇಲೆ ಹತ್ತು ಸಾವಿರ ಕಳಿಸಿದರು, ಅದು ಬೇರೆ ಮಾತು.

ಇದನ್ನೆಲ್ಲ ಈಗ ಬರೆಯುತ್ತಿರುವುದಕ್ಕೆ ಕಾರಣ ನನ್ನ ಚಿಕ್ಕಪ್ಪನ ಮಗಳು. ಬಿಸಿಎ ಕೊನೆಯ ವರ್ಷ. ಮೊನ್ನೆ ವಾಟ್ಸ್ಯಾಪ್‌ನಲ್ಲಿ ಹನ್ನೊಂದು ಸರ್ಟಿಫಿಕೇಷನ್‌ಗಳ ಹೆಸರು ಕಳಿಸಿ, "ಅಕ್ಕಾ, ಇದರಲ್ಲಿ ಯಾವುದು ಮಾಡ್ಲಿ?" ಎಂದು ಕೇಳಿದ್ದಳು. ಪಟ್ಟಿಯಲ್ಲಿ ಸಿಐಎಸ್‌ಎಸ್‌ಪಿ ಕೂಡ ಇತ್ತು. ಸೆಕ್ಯುರಿಟಿ ಕ್ಷೇತ್ರದಲ್ಲಿ ಐದು ವರ್ಷ ಕೆಲಸ ಮಾಡಿದವರಿಗೆ ಕೊಡುವ ಬಿರುದು ಅದು. ಪರೀಕ್ಷೆ ಪಾಸಾಗಿ ಅನುಭವ ಇಲ್ಲದಿದ್ದರೆ 'ಅಸೋಸಿಯೇಟ್' ಎಂದು ಕರೆದು ಹೊರಗೆ ಜಗಲಿ ಮೇಲೆ ಕೂರಿಸುತ್ತಾರೆ. ಇನ್ನೂ ಕೆಲಸಕ್ಕೇ ಸೇರದ ಹುಡುಗಿಯ ಪಟ್ಟಿಗೆ ಅದನ್ನು ಸೇರಿಸಿದವರು ಯಾರೋ ದೇವರೇ ಬಲ್ಲ. ಹನ್ನೊಂದರ ಬಗ್ಗೆಯೂ ಹೇಳುವಷ್ಟು ನನಗೆ ಗೊತ್ತಿಲ್ಲ. ದುಡ್ಡು ಕೊಟ್ಟು ಬರೆದದ್ದು ಒಂದು, ಪಕ್ಕದಲ್ಲೇ ಕೂತು ನೋಡಿದ್ದು ಎರಡು ಮೂರು. ಅಷ್ಟನ್ನು ಹೇಳುತ್ತೇನೆ.

ನಾನು 2022ರಲ್ಲಿ ಬಿಸಿಎ ಮುಗಿಸಿ ಬೆಂಗಳೂರಿನ ಒಂದು ಕಂಪನಿಯ ಸರ್ವಿಸ್ ಡೆಸ್ಕ್ ಸೇರಿದೆ. ಹೆಡ್‌ಸೆಟ್ ಹಾಕಿಕೊಂಡು "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ ಸರ್" ಅನ್ನುವ ಕೆಲಸ. ಒಂದು ವರ್ಷ ಆದಮೇಲೆ ಎಲ್ಲರಿಗೂ ಬರುವ ಹುಳ ನನ್ನ ತಲೆಗೂ ಹೊಕ್ಕಿತು, ಏನಾದರೂ ಸರ್ಟಿಫಿಕೇಷನ್ ಮಾಡಬೇಕು. ಸಲಹೆಗೇನೂ ಬರವಿರಲಿಲ್ಲ. ಮ್ಯಾನೇಜರ್, ಐಟಿ ಸೇವೆಗಳನ್ನು ನಿರ್ವಹಿಸುವ ಪದ್ಧತಿ ಕಲಿಸುವ ಐಟಿಐಎಲ್ ಫೌಂಡೇಷನ್ ಮಾಡು ಎಂದರು. ಅದು 40 ಪ್ರಶ್ನೆ, ಒಂದು ಗಂಟೆ, 26 ಸರಿಯಾದರೆ ಪಾಸು. ಇನ್ಸಿಡೆಂಟ್‌ಗೂ ಪ್ರಾಬ್ಲಮ್‌ಗೂ ಏನು ವ್ಯತ್ಯಾಸ ಅಂತ ಅದರಲ್ಲಿ ಚೆನ್ನಾಗಿ ಕಲಿಸುತ್ತಾರೆ. ಎರಡನ್ನೂ ಬಗೆಹರಿಸುವುದು ಹೇಗೆ ಅನ್ನುವುದು ಅದರ ಸಿಲಬಸ್ಸಿನಲ್ಲಿಲ್ಲ. ಟೀಮ್ ಲೀಡ್ ಆಗುವವರಿಗೆ ಒಳ್ಳೆಯದು. ನನಗೆ ಆಗ ಬೇಕಿದ್ದದ್ದು ಹೆಡ್‌ಸೆಟ್‌ನಿಂದ ಬಿಡುಗಡೆ.

ಪಿಜಿಯ ರೂಮ್‌ಮೇಟ್ ಎಡಬ್ಲ್ಯುಎಸ್, ಅಂದರೆ ಅಮೆಜಾನ್‌ನ ಕ್ಲೌಡ್ ಸೇವೆಯ, ಕ್ಲೌಡ್ ಪ್ರಾಕ್ಟೀಷನರ್ ಪರೀಕ್ಷೆಗೆ ಓದುತ್ತಿದ್ದಳು. 100 ಡಾಲರ್, 65 ಪ್ರಶ್ನೆ, 90 ನಿಮಿಷ, 1000ಕ್ಕೆ 700 ಬಂದರೆ ಸಾಕು. ಮೂರು ವಾರ ರಾತ್ರಿ ಊಟ ಆದಮೇಲೆ ಕೂತು ಓದಿ ಪಾಸಾದಳು. ಪಾಸಾದವರಿಗೆ ಮುಂದಿನ ಪರೀಕ್ಷೆಗೆ ಅರ್ಧ ಬೆಲೆಯ ಕೂಪನ್ ಬೇರೆ. "ನೀನೂ ಮಾಡೇ, ಸುಲಭ" ಎಂದಳು. ಅವಳ ಕೆಲಸ ಗ್ರಾಹಕರಿಗೆ ಕ್ಲೌಡ್ ಬಿಲ್ ವಿವರಿಸುವುದು. ಯಾವ ಸೇವೆಗೆ ಯಾಕೆ ಇಷ್ಟು ದುಡ್ಡು ಬಂತು ಅನ್ನುವುದನ್ನು ಅವಳು ದಿನಾ ಮಾತಾಡಬೇಕು. ಆ ಪರೀಕ್ಷೆ ಅವಳ ಮೇಜಿಗೆ ಹೇಳಿ ಮಾಡಿಸಿದಂತಿತ್ತು. ನನ್ನ ಮೇಜಿನ ಮೇಲೆ ಕ್ಲೌಡ್ ಅನ್ನುವುದೇ ಇರಲಿಲ್ಲ.

ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದೂ ಒಂದು ಭಾನುವಾರದ ಶಿಫ್ಟಿನಲ್ಲಿ, ಮಾಡಲು ಕೆಲಸವಿಲ್ಲದೆ. ನಾನೇ ಕ್ಲೋಸ್ ಮಾಡಿದ ಮೂರು ತಿಂಗಳ ಟಿಕೆಟ್‌ಗಳನ್ನು, ಅಂದರೆ ದಾಖಲಾದ ದೂರುಗಳನ್ನು, ಎಕ್ಸೆಲ್‌ಗೆ ಇಳಿಸಿಕೊಂಡು ನೋಡುತ್ತಾ ಕೂತೆ. ಸುಮಾರು ಅರ್ಧ ಪಾಸ್‌ವರ್ಡ್ ಗೋಳು. ಉಳಿದವುಗಳಲ್ಲಿ ಮತ್ತೆ ಮತ್ತೆ ಬಂದದ್ದು ಒಂದೇ ಜಾತಿ: ವೈಫೈ ಸೇರುತ್ತೆ ಆದ್ರೆ ನೆಟ್ ಬರಲ್ಲ, ವಿಪಿಎನ್ ಕನೆಕ್ಟ್ ಆಗುತ್ತೆ ಆದ್ರೆ ಶೇರ್ ಡ್ರೈವ್ ತೆರೆಯಲ್ಲ, ಸೀಟು ಬದಲಾಯಿಸಿದೆ ಐಪಿ ಸಿಗ್ತಿಲ್ಲ, ಪ್ರಿಂಟರ್ ನಿನ್ನೆ ಇತ್ತು ಇವತ್ತಿಲ್ಲ. ಅವುಗಳ ಪರಿಹಾರದ ಕಾಲಮ್ಮಿನಲ್ಲಿ ನಾನು ಬರೆದದ್ದೂ ಒಂದೇ ವಾಕ್ಯ: 'ನೆಟ್‌ವರ್ಕ್ ತಂಡಕ್ಕೆ ವರ್ಗಾಯಿಸಲಾಗಿದೆ.' ಕಾಪಿ, ಪೇಸ್ಟ್. ಫಿಲ್ಟರ್ ಹಾಕಿದರೆ ಪರದೆ ತುಂಬ ಅದೇ ವಾಕ್ಯ. ಅಂಚೆಯಣ್ಣನಿಗಾದರೂ ಯೂನಿಫಾರ್ಮ್ ಇದೆ. ಸಿಸಿಎನ್‌ಎ ಅಂತ ತೀರ್ಮಾನ ಆದದ್ದು ಆ ಎಕ್ಸೆಲ್ ಶೀಟಿನ ಮುಂದೆ. ಯಾವ ಜಾಹೀರಾತು ನೋಡಿಯೂ ಅಲ್ಲ.

ಅದೇ ಡೆಸ್ಕಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಾಸನದ ಹುಡುಗನಿಗೆ ಲಿನಕ್ಸ್ ಸರ್ವರ್‌ಗಳ ಅಲರ್ಟ್ ಬರುತ್ತಿದ್ದವು. ಅವನು ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಸರ್ಟಿಫಿಕೇಷನ್ ಆರ್‌ಎಚ್‌ಸಿಎಸ್‌ಎ ಹಿಡಿದ. ಅವನ ಕಥೆ ಆಮೇಲೆ.

ಮೊದಲು ನಾನು ಮಾಡಿದ ಎರಡು ದಂಡದ ಖರ್ಚು. ಅವೆನ್ಯೂ ರೋಡಿನಲ್ಲಿ ಒಂದು ದಪ್ಪ ಸಿಸಿಎನ್‌ಎ ಪುಸ್ತಕ ಅಗ್ಗಕ್ಕೆ ಸಿಕ್ಕಿತು ಅಂತ ಹಿಗ್ಗಿ ತಂದೆ. ಎರಡು ವಾರ ಇಐಜಿಆರ್‌ಪಿ ಅನ್ನುವ ರೂಟಿಂಗ್ ಪ್ರೋಟೊಕಾಲ್, ಅಂದರೆ ನೆಟ್‌ವರ್ಕಿನಲ್ಲಿ ಡೇಟಾಗೆ ದಾರಿ ಹುಡುಕುವ ನಿಯಮಗಳ ಜೊತೆ ಗುದ್ದಾಡಿದ ಮೇಲೆ ಗೊತ್ತಾದದ್ದು, ಅದು ಹಳೆಯ 200-125 ಪರೀಕ್ಷೆಯ ಪುಸ್ತಕ. ಸಿಸ್ಕೋ 2020ರ ಫೆಬ್ರುವರಿ 24ರಂದು ಸೆಕ್ಯುರಿಟಿ, ವೈರ್‌ಲೆಸ್ ಅಂತೆಲ್ಲ ಬೇರೆ ಬೇರೆ ಇದ್ದ ಸಿಸಿಎನ್‌ಎಗಳನ್ನು ಮುಚ್ಚಿ, 200-301 ಅನ್ನುವ ಒಂದೇ ಪರೀಕ್ಷೆ ತಂದಿದೆ. ಈಗಿನದ್ದರಲ್ಲಿ ಕೈಯಾರೆ ಕಾನ್ಫಿಗರ್ ಮಾಡಲು ಬರಬೇಕಾದ ರೂಟಿಂಗ್ ಪ್ರೋಟೊಕಾಲ್ ಓಎಸ್‌ಪಿಎಫ್ ಒಂದೇ, ಅದೂ ಒಂದೇ ಏರಿಯಾದ್ದು. ಹಳೇ ಪುಸ್ತಕ ಕೊಳ್ಳುವವರು ಬೆಲೆಗಿಂತ ಮೊದಲು ಮುಖಪುಟದ ಆ ಮೂರು ಅಂಕಿ ಅಡ್ಡಗೆರೆ ಮೂರು ಅಂಕಿ ನೋಡಿ.

ಎರಡನೆಯದು ಕೋಚಿಂಗ್. ಹೆಸರು ಬೇಡ. ಹದಿನೆಂಟು ಸಾವಿರ ಫೀಸು. ಮೊದಲ ಎರಡು ವಾರ ಮೇಷ್ಟ್ರು ಚೆನ್ನಾಗಿಯೇ ಹೇಳಿಕೊಟ್ಟರು. ಮೂರನೇ ವಾರ ಮೇಷ್ಟ್ರು ಬದಲಾದರು. ಹೊಸಬರು ಪೆನ್‌ಡ್ರೈವ್‌ನಲ್ಲಿ ಒಂದು ಪಿಡಿಎಫ್ ಹಂಚಿ, "ಮೇಡಂ, ಇದನ್ನ ಮೂರು ಸಲ ಓದಿ, ಬೇರೇನೂ ಬೇಡ" ಎಂದರು. ಡಂಪ್. ಕದ್ದ ಪ್ರಶ್ನೆಗಳ ಕಟ್ಟು. ಅದನ್ನು ಬಾಯಿಪಾಠ ಮಾಡಿ ಪಾಸಾದವರು ಇಂಟರ್‌ವ್ಯೂನಲ್ಲಿ ಕೂತಾಗ ಏನಾಗುತ್ತೆ ಅಂತ ನಮ್ಮ ಡೆಸ್ಕಿನಲ್ಲೇ ನೋಡಿದ್ದೇನೆ. ಸಾಲದ್ದಕ್ಕೆ ಸಿಕ್ಕಿಬಿದ್ದರೆ ಸಿಸ್ಕೋ ಸರ್ಟಿಫಿಕೇಟನ್ನೇ ರದ್ದು ಮಾಡಬಹುದು. ಉಳಿದ ಕ್ಲಾಸಿಗೆ ಹೋಗಲಿಲ್ಲ. ಉಳಿದ ಫೀಸು ಕೇಳಿದೆ, ಕೊಡಲಿಲ್ಲ. ಅಲ್ಲಿಂದಾಚೆ ಯೂಟ್ಯೂಬಿನ ಉಚಿತ ಪಾಠ, ಕಂಪ್ಯೂಟರಿನಲ್ಲೇ ಆಟದ ನೆಟ್‌ವರ್ಕ್ ಕಟ್ಟಲು ಸಿಸ್ಕೋದವರೇ ಉಚಿತವಾಗಿ ಕೊಡುವ ಪ್ಯಾಕೆಟ್ ಟ್ರೇಸರ್, ಮತ್ತೆ ಒಂದು ಸ್ವಿಚ್, ಅಂದರೆ ಆಫೀಸಿನ ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸುವ ಡಬ್ಬಿ.

ಆ ಸ್ವಿಚ್ಚಿನ ಬಗ್ಗೆ ಹೇಳಲೇಬೇಕು. ಎಸ್‌ಪಿ ರೋಡಿನಲ್ಲಿ ಹಳೇ ಸಾಮಾನಿನ ಅಂಗಡಿಯಿಂದ ತಂದ ಸಿಸ್ಕೋ 2960, 24 ಪೋರ್ಟಿನದು. ಯಾವುದೋ ಆಫೀಸು ಖಾಲಿ ಮಾಡುವಾಗ ಬಂದ ಮಾಲು. ಪಿಜಿ ಕೋಣೆಯಲ್ಲಿ ಆನ್ ಮಾಡಿದ ತಕ್ಷಣ ಅದರ ಫ್ಯಾನು ಹಾಕಿದ ಸದ್ದಿಗೆ ಪಿಜಿ ಆಂಟಿ ಮೇಲೆ ಬಂದು, "ಏನಮ್ಮಾ, ರೂಮಲ್ಲಿ ಮಿಕ್ಸಿ ಇಟ್ಕೊಂಡಿದೀಯಾ?" ಎಂದರು. ಲ್ಯಾಪ್‌ಟಾಪಿನಿಂದ ತಿಳಿನೀಲಿ ಕನ್ಸೋಲ್ ಕೇಬಲ್ಲು ಚುಚ್ಚಿ ನೋಡಿದರೆ ಪಾಸ್‌ವರ್ಡ್ ಕೇಳಿತು. ಹಳೆಯ ಮಾಲೀಕರ ಪಾಸ್‌ವರ್ಡ್ ನನಗೆಲ್ಲಿಂದ ಗೊತ್ತು? ಹುಡುಕಿದಾಗ ದಾರಿ ಸಿಕ್ಕಿತು. ಕರೆಂಟು ತೆಗೆದು, ಮುಂದಿರುವ ಮೋಡ್ ಬಟನ್ ಒತ್ತಿ ಹಿಡಿದು ಮತ್ತೆ ಕರೆಂಟು ಕೊಡಬೇಕು. ಅರ್ಧಕ್ಕೇ ನಿಂತ ಬೂಟ್‌ನಲ್ಲಿ ಫ್ಲ್ಯಾಶ್ ಮೆಮರಿ ಎಬ್ಬಿಸಿ, ಸೆಟ್ಟಿಂಗ್‌ಗಳೆಲ್ಲ ಇರುವ ಕಾನ್ಫಿಗ್ ಡಾಟ್ ಟೆಕ್ಸ್ಟ್ ಅನ್ನುವ ಫೈಲಿಗೆ ಬೇರೆ ಹೆಸರಿಟ್ಟು, ಬೂಟ್ ಅನ್ನಬೇಕು. ಸ್ವಿಚ್ ತನ್ನ ಹಳೆಯ ಬದುಕು ಮರೆತು ಎದ್ದು ಕೂರುತ್ತದೆ.

ಮರೆತಿದೆ ಅಂದುಕೊಂಡಿದ್ದೆ. 'ಶೋ ವಿಲ್ಯಾನ್ ಬ್ರೀಫ್' ಅಂತ ಹೊಡೆದರೆ ಪರದೆಯ ಮೇಲೆ ಸಾಲಾಗಿ: ರಿಸೆಪ್ಷನ್, ಎಚ್‌ಆರ್, ಕ್ಯಾಂಟೀನ್. ಒಳಗೆ ಇನ್ನೂ ಯಾರದೋ ಆಫೀಸು ನಡೆಯುತ್ತಿದೆ! ಅರ್ಧ ರಾತ್ರಿ ಒಂಥರಾ ಮೈ ಜುಮ್ಮೆಂದಿತು. ವಿಲ್ಯಾನ್ ಅಂದರೆ ಒಂದೇ ಸ್ವಿಚ್ಚಿನೊಳಗೆ ಗೋಡೆ ಹಾಕಿ ಮಾಡಿದ ಬೇರೆ ಬೇರೆ ನೆಟ್‌ವರ್ಕ್. ಕಾರಣ ಇಷ್ಟೇ, ವಿಲ್ಯಾನ್‌ಗಳ ಹೆಸರುಗಳು ಕಾನ್ಫಿಗ್ ಫೈಲಿನಲ್ಲಿ ಇರುವುದಿಲ್ಲ, ವಿಲ್ಯಾನ್ ಡಾಟ್ ಡ್ಯಾಟ್ ಅನ್ನುವ ಬೇರೆಯೇ ಫೈಲಿನಲ್ಲಿ ಇರುತ್ತವೆ. ಅದನ್ನು ಬೇರೆಯಾಗಿ ಅಳಿಸಬೇಕು. ನಾಲ್ಕು ವಿಡಿಯೊ ನೋಡಿದ್ದರೂ ತಲೆಯಲ್ಲಿ ನಿಲ್ಲದ ವಿಷಯ ಆ ಕ್ಯಾಂಟೀನ್ ನೋಡಿದ ಮೇಲೆ ಇವತ್ತಿಗೂ ಮರೆತಿಲ್ಲ. ಪ್ಯಾಕೆಟ್ ಟ್ರೇಸರ್ ಸಾಕಲ್ಲವಾ ಅಂದರೆ, ಸಾಕು, ಪರೀಕ್ಷೆಗೆ ಧಾರಾಳವಾಗಿ ಸಾಕು. ಆದರೆ ಅದು ಹೊಸ ಮನೆ. ಕೆಲಸದಲ್ಲಿ ಸಿಗುವುದೆಲ್ಲ ಯಾರೋ ಸಂಸಾರ ಮಾಡಿ ಬಿಟ್ಟುಹೋದ ಮನೆಗಳೇ.

ಸಿಲಬಸ್ಸಿನಲ್ಲಿ ಎಲ್ಲರೂ ಹೆದರುವುದು ಸಬ್‌ನೆಟ್ಟಿಂಗ್‌ಗೆ, ಅಂದರೆ ಐಪಿ ಅನ್ನುವ ನೆಟ್‌ವರ್ಕ್ ವಿಳಾಸಗಳನ್ನು ತುಂಡು ತುಂಡಾಗಿ ಹಂಚುವ ಲೆಕ್ಕಕ್ಕೆ. ನನಗೆ ಅದು ಅರ್ಥ ಆದದ್ದು ತಿಪಟೂರಿನ ನಮ್ಮ ಬಡಾವಣೆಯ ಲೆಕ್ಕದಲ್ಲಿ. 192.168.10.0/24 ಅನ್ನುವುದು 256 ಸೈಟಿನ ಜಮೀನು ಅಂದುಕೊಳ್ಳಿ. /26 ಅಂದರೆ ಅದನ್ನು 64ರಂತೆ ನಾಲ್ಕು ಬಡಾವಣೆ ಮಾಡಿದ ಹಾಗೆ. 0, 64, 128, 192ಕ್ಕೆ ಒಂದೊಂದು ಶುರು. ಪ್ರತಿ ಬಡಾವಣೆಯ ಮೊದಲ ನಂಬರು ಬಡಾವಣೆಯ ಹೆಸರಿನ ಬೋರ್ಡಿಗೆ ಹೋಯಿತು. ಕೊನೆಯದು ಮೈಕಿಗೆ, ಅದರಲ್ಲಿ ಕೂಗಿದರೆ ಎಲ್ಲ ಮನೆಗೂ ಕೇಳುತ್ತದೆ, ಅದೇ ಬ್ರಾಡ್‌ಕಾಸ್ಟ್. ಮನೆ ಕಟ್ಟಲು ಉಳಿದದ್ದು 62. ಇದನ್ನು ದಿನಾ ಬಸ್ಸಿನಲ್ಲಿ, ಮುಂದೆ ಹೋಗುವ ಗಾಡಿಗಳ ನಂಬರ್ ಪ್ಲೇಟು ನೋಡಿಕೊಂಡು ಬಾಯಲ್ಲೇ ಬಿಡಿಸುತ್ತಿದ್ದೆ. ಎರಡು ತಿಂಗಳಲ್ಲಿ ಭಯ ಹೋಯಿತು.

ಇದರ ಇನ್ನೊಂದು ತಮಾಷೆ. ರೂಮ್‌ಮೇಟ್ ತನ್ನ ಅರ್ಧ ಬೆಲೆಯ ಕೂಪನ್ ಇಟ್ಟುಕೊಂಡು ಎಡಬ್ಲ್ಯುಎಸ್ ಸಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್‌ಗೆ ಓದಲು ಕೂತಳು. ವಿಪಿಸಿ, ಅಂದರೆ ಕ್ಲೌಡಿನೊಳಗೆ ಕಟ್ಟಿಕೊಳ್ಳುವ ಸ್ವಂತ ನೆಟ್‌ವರ್ಕಿನ ಪಾಠಕ್ಕೆ ಬಂದಾಗ ಎದುರಿಗೆ ನಿಂತದ್ದು ಇದೇ /24, /26. "ಏನೇ ಇದು?" ಅಂತ ನನ್ನ ಹಾಸಿಗೆಗೆ ಬಂದು ಕೂತಳು. ಬಡಾವಣೆ ಪಾಠ ಮಾಡಿದೆ. ನಮ್ಮಲ್ಲಿ ಪ್ರತಿ ಬಡಾವಣೆಗೆ ಎರಡು ಸೈಟು ಹೋದರೆ, ಎಡಬ್ಲ್ಯುಎಸ್ ಮೊದಲ ನಾಲ್ಕು, ಕೊನೆಯ ಒಂದು, ಒಟ್ಟು ಐದು ತಾನೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಅಲ್ಲಿ /26ಕ್ಕೆ ಸಿಗುವುದು 59. "ಬಿಡಿಎಗಿಂತ ಜೋರು" ಅಂದಳು.

ಪರೀಕ್ಷೆಗೆ ಬರುತ್ತೇನೆ. ನಡೆಸುವವರು ಪಿಯರ್ಸನ್ ವ್ಯೂ. ಮನೆಯಿಂದಲೂ ಬರೆಯಬಹುದು, ಆದರೆ ಕ್ಯಾಮೆರಾ ಎದುರು ಕೋಣೆಯಲ್ಲಿ ಒಬ್ಬರೇ ಇರಬೇಕು. ಮೂವರು ಇರುವ ಪಿಜಿಯಲ್ಲಿ, ನಡುವೆ ಆಂಟಿ ಬಾಗಿಲು ತಟ್ಟುವ ಜಾಗದಲ್ಲಿ, ಆಗದ ಮಾತು. ಸೆಂಟರಿಗೇ ಹೋದೆ. ಗುರುತಿನ ಚೀಟಿ, ಸಹಿ, ಫೋಟೊ. ಫೋನು, ವಾಚು, ಪರ್ಸು ಎಲ್ಲ ಲಾಕರಿಗೆ. ಕೈಗೆ ಕೊಡುವುದು ಒಂದು ಲ್ಯಾಮಿನೇಟ್ ಹಾಳೆ, ಒಂದು ಮಾರ್ಕರ್. ನನಗೆ ಸಿಕ್ಕ ಮಾರ್ಕರ್ ಸಾಯುವ ಹಂತದಲ್ಲಿತ್ತು, ಕೂರುವ ಮೊದಲೇ ಬದಲಾಯಿಸಿಕೊಂಡೆ. ನೀವೂ ಗೀಚಿ ನೋಡಿಯೇ ತೆಗೆದುಕೊಳ್ಳಿ. ಹಾಳೆಯ ತಲೆಯಲ್ಲಿ ಸಬ್‌ನೆಟ್ ಲೆಕ್ಕಕ್ಕೆ ಬೇಕಾಗುವ 128, 64, 32, 16, 8, 4, 2, 1 ಬರೆದುಕೊಂಡೆ. ಅದೇ ನನ್ನ ಗಣಪತಿ ಪೂಜೆ.

ಸಮಯ 120 ನಿಮಿಷ. ಕೆಟ್ಟದ್ದೇನೆಂದರೆ ಒಂದು ಪ್ರಶ್ನೆ ದಾಟಿದರೆ ಮತ್ತೆ ಹಿಂದಕ್ಕೆ ಹೋಗುವ ಹಾಗಿಲ್ಲ. ಎಸ್ಸೆಸ್ಸೆಲ್ಸಿಯಿಂದ 'ಗೊತ್ತಿಲ್ಲದ್ದು ಬಿಟ್ಟು ಮುಂದೆ ಹೋಗು' ಅಂತ ಕಲಿತ ನಮ್ಮಂಥವರಿಗೆ ಕೈಕಾಲು ಕಟ್ಟಿದ ಹಾಗೆ. ಕಮಾಂಡ್ ಟೈಪ್ ಮಾಡಿ ತೋರಿಸಬೇಕಾದ ಲ್ಯಾಬ್‌ಗಳೂ ಇರುತ್ತವೆ. ಯಾವ ಪ್ರಶ್ನೆ ಬಂತು ಅಂತ ಕೇಳಬೇಡಿ, ಹೇಳುವುದಿಲ್ಲ ಅಂತ ಒಪ್ಪಿಕೊಂಡೇ ಒಳಗೆ ಹೋಗಿರುತ್ತೇವೆ. ಐಪಿ ಕನೆಕ್ಟಿವಿಟಿಗೆ ಶೇ 25 ತೂಕ, ಮೂಲ ಪಾಠಕ್ಕೂ ಸ್ವಿಚಿಂಗ್ ಭಾಗಕ್ಕೂ 20-20, ಸೆಕ್ಯುರಿಟಿ 15, ಉಳಿದೆರಡಕ್ಕೆ ಹತ್ತು ಹತ್ತು. ಪಾಸಾಗಲು ಎಷ್ಟು ಬೇಕು ಅನ್ನುವುದನ್ನು ಮಾತ್ರ ಸಿಸ್ಕೋ ಹೇಳುವುದಿಲ್ಲ. ಮೂವತ್ತು ಸಾವಿರ ತೆಗೆದುಕೊಂಡು ಪಾಸ್ ಮಾರ್ಕು ಹೇಳದ ಪದ್ಧತಿಗೆ ನನ್ನ ಕಡೆಯಿಂದ ಒಂದು ನಕ್ಷತ್ರ ಕಡಿತ. ನಾನು ಪಾಸಾದೆ. ಹೊರಗೆ ಬಂದು ಮೊದಲು ಮಾಡಿದ ಕೆಲಸ ಎರಡು ಪ್ಲೇಟ್ ಮಸಾಲೆ ಪುರಿ ತಿಂದದ್ದು, ಅಪ್ಪನಿಗೆ ಫೋನು ಆಮೇಲೆ.

ಈಗ ಬರೆಯುವವರಿಗೆ ಒಂದು ಮಾತು. 2024ರ ಆಗಸ್ಟ್ 20ರಿಂದ 1.1 ಆವೃತ್ತಿ ಬಂದಿದೆ. ಕಾನ್ಫಿಗರ್ ಮಾಡುವ ಕೆಲಸವನ್ನು ತಾವೇ ನಡೆಸುವ ಸಾಫ್ಟ್‌ವೇರ್‌ಗಳಲ್ಲಿ ಪಪೆಟ್, ಶೆಫ್ ಹೋಗಿ ಟೆರಾಫಾರ್ಮ್ ಬಂದಿದೆ, ಎಐ ಬಗ್ಗೆ ಸ್ವಲ್ಪ ಸೇರಿದೆ. ಬುಡ ಬದಲಾಗಿಲ್ಲ. ಸರ್ಟಿಫಿಕೇಟಿನ ಆಯುಸ್ಸು ಮೂರು ವರ್ಷ. ಆಮೇಲೆ ಮತ್ತೆ ಬರೆಯಬೇಕು, ಇಲ್ಲ ಮುಂದಿನ ಕಲಿಕೆಗೆ ಸಿಗುವ ಕ್ರೆಡಿಟ್ 30 ಕೂಡಿಸಬೇಕು. ನನ್ನದು 2027ರ ಜೂನ್‌ಗೆ ಮುಗಿಯುತ್ತದೆ. ಅಪ್ಪನಿಗೆ ಇದನ್ನು ಇನ್ನೂ ಹೇಳಿಲ್ಲ.

ದುಡ್ಡು ವಸೂಲಾಯಿತಾ? ಒಂದು ಟಿಕೆಟ್ ಹೇಳುತ್ತೇನೆ. ಪರೀಕ್ಷೆಯಾಗಿ ಒಂದು ತಿಂಗಳೂ ಆಗಿರಲಿಲ್ಲ. ಮೂರನೇ ಮಹಡಿಯಲ್ಲಿ ಸೀಟು ಬದಲಾಯಿಸಿದ ಅಕೌಂಟ್ಸಿನ ಮೇಡಂ ಒಬ್ಬರಿಗೆ ನೆಟ್ ಇಲ್ಲ. ನೋಡಿದರೆ ಐಪಿ 169.254ರಿಂದ ಶುರು. ಅಂದರೆ ಲ್ಯಾಪ್‌ಟಾಪು ಐಪಿ ಹಂಚುವ ಡಿಎಚ್‌ಸಿಪಿಯನ್ನು ಕೂಗಿ ಕೂಗಿ, ಉತ್ತರ ಬಾರದೆ, ತಾನೇ ಒಂದು ನಂಬರ್ ಇಟ್ಟುಕೊಂಡಿದೆ. ಹಿಂದಾದರೆ ರೀಸ್ಟಾರ್ಟು, ಆಮೇಲೆ ಆ ಕಾಪಿ ಪೇಸ್ಟ್ ವಾಕ್ಯ. ಈ ಸಲ ಗೋಡೆಯ ಸಾಕೆಟ್ಟಿನ ನಂಬರ್ ನೋಡಿಕೊಂಡು ಹಬ್ ರೂಮಿಗೆ ಹೋದೆ. ಪ್ಯಾಚ್ ಪ್ಯಾನಲ್ಲಿನಿಂದ ಕೇಬಲ್ ಹಿಡಿದು ಬಂದರೆ ಸ್ವಿಚ್ಚಿನ 14ನೇ ಪೋರ್ಟ್. ನಮ್ಮ ಡೆಸ್ಕಿಗೆ ಯಾವ ಕಾಲದಲ್ಲೋ ಕೊಟ್ಟು ಯಾರೂ ಮುಟ್ಟದ, ನೋಡಲು ಮಾತ್ರ ಬರುವ ಲಾಗಿನ್ ಇತ್ತು. ಒಳಗೆ ಹೋಗಿ ಅದೇ ಶೋ ವಿಲ್ಯಾನ್ ಬ್ರೀಫ್. ಅಕೌಂಟ್ಸಿನವರೆಲ್ಲ 20ರಲ್ಲಿ, ಈ ಪೋರ್ಟ್ ಒಂದು ಮಾತ್ರ 1ರಲ್ಲಿ. ಬದಲಾಯಿಸುವ ಅಧಿಕಾರ ನನಗಿಲ್ಲ. ಟಿಕೆಟ್‌ನಲ್ಲಿ ಬರೆದೆ: 'ಮೂರನೇ ಮಹಡಿ ಸ್ವಿಚ್, ಪೋರ್ಟ್ 14, ವಿಲ್ಯಾನ್ 1ರಲ್ಲಿದೆ, 20ಕ್ಕೆ ಹಾಕಬೇಕು.' ನಾಲ್ಕು ನಿಮಿಷಕ್ಕೆ ಮೇಡಂಗೆ ನೆಟ್ ಬಂತು. ಹತ್ತು ನಿಮಿಷಕ್ಕೆ ನೆಟ್‌ವರ್ಕ್ ತಂಡದ ಲೀಡ್ ನಮ್ಮ ಡೆಸ್ಕಿಗೇ ಇಳಿದು ಬಂದರು. "ಈ ಟಿಕೆಟ್ ಬರೆದೋರು ಯಾರ್ರೀ?"

ಆರು ತಿಂಗಳಿಗೆ ಅವರ ತಂಡದಲ್ಲಿದ್ದೆ. ರೆಸ್ಯೂಮೆಯಲ್ಲಿ ಸಿಸಿಎನ್‌ಎ ಅಂತ ಬರೆದದ್ದನ್ನು ಅವರು ನೋಡಿದ್ದು ಆ ಟಿಕೆಟ್ ಆದಮೇಲೆ. ಹೊರಗಿನ ಕಂಪನಿಗಳ ಎಚ್‌ಆರ್ ಆದರೆ ಮೊದಲು ಆ ನಾಲ್ಕಕ್ಷರವನ್ನೇ ಹುಡುಕುತ್ತಾರೆ, ಅದೂ ನಿಜ. ಸಂಬಳ ಒಂದೇಟಿಗೆ ಏನೂ ಹಾರಲಿಲ್ಲ. ಮೂವತ್ತು ಸಾವಿರ ವಾಪಸ್ ಹುಟ್ಟಲು ಐದು ತಿಂಗಳು ಬೇಕಾಯಿತು.

ಹಾಸನದ ಹುಡುಗನ ಕಥೆ ಬಾಕಿ ಇದೆ. ಆರ್‌ಎಚ್‌ಸಿಎಸ್‌ಎನಲ್ಲಿ ನಾಲ್ಕರಲ್ಲಿ ಒಂದು ಆರಿಸುವ ಪ್ರಶ್ನೆಗಳೇ ಇಲ್ಲ. ಲಿನಕ್ಸ್ ಮಷೀನು ಮುಂದಿಟ್ಟು ಇಷ್ಟು ಕೆಲಸ ಮಾಡು ಅನ್ನುತ್ತಾರೆ. 300ಕ್ಕೆ 210 ಬೇಕು. ಮಾಡಿದ್ದೆಲ್ಲ ರೀಬೂಟ್ ಆದಮೇಲೂ ನಿಲ್ಲಬೇಕು, ಇಲ್ಲದಿದ್ದರೆ ಅಂಕವಿಲ್ಲ. ಅವನು ಮನೆಯಲ್ಲಿ ಅಭ್ಯಾಸ ಮಾಡುವಾಗ ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಸೇರಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದಕ್ಷರ ತಪ್ಪಿಸಿ, ಮಷೀನು ಏಳದೆ, ಎಮರ್ಜೆನ್ಸಿ ಮೋಡಿನ ಕಪ್ಪು ಪರದೆ ಎದುರು ಬೆಳಗಿನ ಮೂರು ಗಂಟೆವರೆಗೆ ಕೂತಿದ್ದನಂತೆ. "ಅಕ್ಕ, ಆವತ್ತು ಕಲ್ತಿದ್ದು ಆರು ತಿಂಗಳ ಕೆಲಸದಲ್ಲಿ ಕಲ್ತಿರ್ಲಿಲ್ಲ" ಅನ್ನುತ್ತಿದ್ದ. ಸರ್ವರ್ ಮುಟ್ಟುವವರಾದರೆ ಕಣ್ಣು ಮುಚ್ಚಿಕೊಂಡು ಅದನ್ನೇ ಮಾಡಿ ಅನ್ನುತ್ತೇನೆ. ಪರೀಕ್ಷೆಯಾಗಿ ಅದು ಸಿಸಿಎನ್‌ಎಗಿಂತ ಒಂದು ಕೈ ಮೇಲು, ಒಪ್ಪಿಕೊಳ್ಳಬೇಕು. ಕಂಪ್ಯೂಟರ್ ಸಪೋರ್ಟ್ ಕೆಲಸದ ಮೂಲ ಪಾಠಗಳ ಕಾಂಪ್ಟಿಯಾ ಎ ಪ್ಲಸ್ ಬಗ್ಗೆಯೂ ತಂಗಿ ಕೇಳಿದ್ದಳು. ಅದಕ್ಕೆ ಒಂದಲ್ಲ, ಎರಡು ಪರೀಕ್ಷೆ, ಎರಡು ಫೀಸು. ನಾನು ನೋಡಿದ ಬೆಂಗಳೂರಿನ ಜಾಹೀರಾತುಗಳಲ್ಲಿ ಅದನ್ನು ಕೇಳಿದವರು ಕಡಿಮೆ. ಪಾಠವನ್ನು ಪುಕ್ಕಟೆ ನೋಡಿ ಕಲಿ, ಪರೀಕ್ಷೆ ಬಿಡು ಅಂದೆ.

ಸಿಸಿಎನ್‌ಎಗೆ ನನ್ನ ಲೆಕ್ಕ ಐದಕ್ಕೆ ನಾಲ್ಕು. ದಿನಾ ಕೇಬಲ್, ವೈಫೈ, ಐಪಿ ಅಂತ ಏಗುವವರಿಗೆ ಮಾತ್ರ ಈ ನಾಲ್ಕು. ಜಾವಾ ಬರೆಯುವವರಿಗೆ ಎರಡೂ ಕೊಡುವುದಿಲ್ಲ.

ತಂಗಿಗೆ ಇನ್ನೂ ಕೆಲಸವೇ ಇಲ್ಲ, ಹಾಗಾಗಿ ನೋಡಲು ಟಿಕೆಟ್‌ಗಳೂ ಇಲ್ಲ. ಹನ್ನೊಂದರಲ್ಲಿ ಯಾವುದಕ್ಕೂ ಈಗ ದುಡ್ಡು ಕಟ್ಟಬೇಡ ಅಂದೆ. ಹೋದ ವಾರ ಊರಿಗೆ ಹೋದಾಗ ಆ 2960ಯನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ, ಕನ್ಸೋಲ್ ಕೇಬಲ್ ಸಮೇತ ಅವಳಿಗೆ ಕೊಟ್ಟು ಬಂದೆ. ಪಾಸ್‌ವರ್ಡ್ ಹೇಳಲಿಲ್ಲ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಅವಳ ಮೆಸೇಜು ಬಂತು: "ಅಕ್ಕಾ, ಒಳಗೆ ಹೋದೆ!! ಆದ್ರೆ ಇದರಲ್ಲಿ ಕ್ಯಾಂಟೀನ್ ಅಂತ ಯಾಕಿದೆ?"